ಗುಡ್ಡದ ಮೇಲಿನ ಚಿಕ್ಕಪ್ಪ

ನಮ್ಮೂರ ಗುಡ್ಡ ಹೊರಡುವ ಸುದ್ದಿ ಮೊದಲು ತಿಳಿಯುವುದು ನಾಯಿಗಳಿಗೆ, ಆಮೇಲೆ ಚಿಕ್ಕಪ್ಪನಿಗೆ, ಅವನಿಂದ ನನಗೆ. ನಾನು ಗಂಟೆ ಬಾರಿಸಿದ ಮೇಲೆ ಉಳಿದವರಿಗೆ. ಸೌದೆಗೋ ಸೀತಾಫಲಕ್ಕೋ ಮೇಲೆ ಹತ್ತಿದವರೆಲ್ಲ ಗಂಟೆ ಕೇಳಿ ದಡಬಡ ಇಳಿದು ಬರುತ್ತಾರೆ. ಗುಡ್ಡ ಒಂದು ಸಲ ಮೈ ಮುರಿದು, ಉಂಡು ಎದ್ದ ಹಿರಿಯರ ಹಾಗೆ ನಿಧಾನಕ್ಕೆ ಎದ್ದು, ಕೆರೆ ಏರಿಯ ಪಕ್ಕದಲ್ಲಿ ಹಾದು ಹೊರಟುಹೋಗುತ್ತದೆ. ಇಷ್ಟು ವರ್ಷದಲ್ಲಿ ಯಾರ ಹೊಲಕ್ಕೂ ಕಾಲಿಟ್ಟಿದ್ದಿಲ್ಲ. ಆ ಮಟ್ಟಿಗೆ ನಮ್ಮ ಗುಡ್ಡ ಬಲು ಮರ್ಯಾದಸ್ಥ.

ಗುಡ್ಡ ಹೋದರೆ ಪಡುವಣ ಕೇರಿಯವರಿಗೆ ಖುಷಿಯೋ ಖುಷಿ. ಬೆಳಗಿನ ಬಿಸಿಲು ಬೇಗ ಬರುತ್ತದಲ್ಲ, ಕಂಬಳಿ, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲ ಬೀದಿಗೆ ಬೀಳುತ್ತವೆ. ಗುಡ್ಡದ ನೆರಳಲ್ಲಿ ಇಸ್ತ್ರಿ ಗಾಡಿ ನಿಲ್ಲಿಸುವವನು ಮಾತ್ರ ಗೊಣಗಿಕೊಂಡು ಮಾವನ ಮನೆಗೆ ಹೋಗುತ್ತಾನೆ. ಗುಡ್ಡವಿದ್ದ ಜಾಗದಲ್ಲಿ ಸಂತೆ ನೆರೆಯುತ್ತದೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಮತ್ತೆ ನಾಯಿ ಬೊಗಳಿದಾಗ ಎಲ್ಲರೂ ಗಂಟುಮೂಟೆ ಎತ್ತಿಕೊಂಡು ಜಾಗ ಬಿಡುತ್ತಾರೆ. ಒಂದು ಸಲ ಯಾರದೋ ಸೈಕಲ್ಲು ಮರೆತುಹೋಗಿ, ಗುಡ್ಡ ಮುಂದಿನ ಸಲ ಎದ್ದಾಗ ಅದು ಚಪಾತಿಯ ಹಾಗೆ ಸಿಕ್ಕಿತು. ಅದನ್ನು ಈಗಲೂ ಪಂಚಾಯಿತಿ ಗೋಡೆಗೆ ನೇತುಹಾಕಿದ್ದಾರೆ.

ಒಂದೇ ಒಂದು ಕಟ್ಟುಪಾಡು. ಗುಡ್ಡವನ್ನು ಎಲ್ಲಿಗೆ ಅಂತ ಕೇಳಬಾರದು. ಹೊರಟ ಮನುಷ್ಯರನ್ನೇ ಹಾಗೆ ಕೇಳುವುದಿಲ್ಲ, ಇನ್ನು ಗುಡ್ಡವನ್ನು ಕೇಳುವುದುಂಟೆ? ಹಿಂದೆ ಹೋಗಬಾರದು, ಕೂಗಿ ಕರೆಯಬಾರದು, ಬಂದ ಮೇಲೂ ಎಲ್ಲಿಗೆ ಹೋಗಿದ್ದೆ ಅನ್ನಬಾರದು. ನಮ್ಮ ಮಾವನವರ ಕಾಲದಲ್ಲಿ ಜಮೀನು ಅಳೆಯಲು ಬಂದ ಸಾಹೇಬನೊಬ್ಬ ತಡೆಯಲಾರದೆ ಕೇಳಿಯೇಬಿಟ್ಟನಂತೆ. ಆ ಸಲ ಗುಡ್ಡ ಇಡೀ ಬೇಸಿಗೆ ವಾಪಸ್ ಬರಲಿಲ್ಲ, ಊರಿಗೆ ಊರೇ ಬಿಸಿಗಾಳಿಗೆ ಬೆಂದುಹೋಯಿತು. ಅವತ್ತಿನಿಂದ ನಮ್ಮಲ್ಲಿ ಆ ಪ್ರಶ್ನೆ ಯಾರ ಬಾಯಿಗೂ ಬರುವುದಿಲ್ಲ. ಆಡು ಮೇಯಿಸುವ ಮಾರಕ್ಕನ ಒಂದೆರಡು ಆಡು ಆಗಾಗ ಗುಡ್ಡದ ಜೊತೆ ಹೋಗಿ ಬರುವುದುಂಟು. ಬಂದಾಗ ಮಿಕ್ಕ ಆಡುಗಳೆಲ್ಲ ಸುತ್ತ ನಿಂತು ಅವುಗಳ ಮೈ ನೆಕ್ಕುತ್ತವೆ. ಯಾಕೆ ಅಂತ ಅದನ್ನೂ ಯಾರೂ ಕೇಳಿಲ್ಲ.

ಊರಿನ ಸರ್ವರ್ ಅನ್ನುವ ಕಂಪ್ಯೂಟರ್ ಯಂತ್ರವನ್ನು ಗುಡ್ಡದ ನೆತ್ತಿಯ ಮೇಲೆ ಇಟ್ಟಿದ್ದು ಅಲ್ಲಿ ತಣ್ಣಗಿರುತ್ತದೆ ಅಂತ. ನಲ್ಲಿ ನೀರು, ಬೀದಿ ದೀಪ, ರೇಷನ್ನು, ಮಕ್ಕಳ ಮಾರ್ಕ್ಸು ಎಲ್ಲ ಆ ಯಂತ್ರದ ತಲೆಯಲ್ಲೇ. ಅದಕ್ಕೆ ಮನೆ ಕಟ್ಟಿದ ಗುತ್ತಿಗೆದಾರ ಹೊರಗಿನವನು. ಗುಡ್ಡ ತಿರುಗಾಡುತ್ತದೆ ಅಂತ ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಎರಡನೇ ಸಲ ಸುಣ್ಣ ಬಳಿಯಲು ಬಂದವನು ಬಟಾಬಯಲು ನೋಡಿ, ಬಂದ ಬಸ್ಸಿನಲ್ಲೇ ತಿರುಗಿ ಹತ್ತಿದ. ಆ ಪುಣ್ಯಾತ್ಮ ಮಾಡಿದ ಇನ್ನೊಂದು ಘನಕಾರ್ಯ ಅಂದರೆ ಬಾಗಿಲ ಚಿಲಕವನ್ನೂ ಸರ್ವರ್‌ಗೇ ಕಟ್ಟಿದ್ದು. ಸರ್ವರ್ ಎಚ್ಚರವಿದ್ದರೆ ಗುಂಡಿ ಒತ್ತಿದವರಿಗೆಲ್ಲ ಬಾಗಿಲು ತೆರೆಯುತ್ತದೆ. ಅದು ಮಲಗಿತೋ, ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ.

ಈ ಸರ್ವರ್‌ಗೆ ನಮ್ಮೂರವರು ಇಟ್ಟ ಹೆಸರು ದೊಡ್ಡಪ್ಪ. ಭಾರೀ ಆಳು, ಸದಾ ಗುರ್ ಅನ್ನುತ್ತಿರುತ್ತಾನೆ, ಒಂದು ಸಲ ಮಲಗಿದರೆ ಏಳಲು ಅವನದೇ ಹೊತ್ತು ಬೇಕು. ಅವನ ಹೊಟ್ಟೆಯೊಳಗೇ ಉಗುರಿನಷ್ಟು ಇನ್ನೊಂದು ಯಂತ್ರವಿದೆ. ತಂದುಕೊಟ್ಟ ಕಂಪನಿಯವನು ಅದನ್ನು ಸರ್ವೀಸ್ ಪ್ರೊಸೆಸರ್ ಅಂದ. ನಾವು ಚಿಕ್ಕಪ್ಪ ಅಂದೆವು. ದೊಡ್ಡಪ್ಪ ಗೊರಕೆ ಹೊಡೆಯಲಿ, ಜ್ಞಾನ ತಪ್ಪಿ ಬೀಳಲಿ, ಚಿಕ್ಕಪ್ಪ ಕಣ್ಣು ಮುಚ್ಚುವುದಿಲ್ಲ. ಪಂಚಾಯಿತಿ ಪಕ್ಕದ ಕೋಣೆಯಲ್ಲಿ ಪರದೆ ಮುಂದೆ ಕೂತು ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ: ದೊಡ್ಡಪ್ಪನ ಮೈ ಎಷ್ಟು ಕಾದಿದೆ, ಫ್ಯಾನು ತಿರುಗುತ್ತಿದೆಯೋ ಇಲ್ಲವೋ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ. ಎಬ್ಬಿಸು ಅಂದರೆ ಎಬ್ಬಿಸುತ್ತಾನೆ, ಮಲಗಿಸು ಅಂದರೆ ಮಲಗಿಸುತ್ತಾನೆ. ಯಂತ್ರದ ಹಿಂದೆ ಮುಂದೆ ಒಂದೊಂದು ನೀಲಿ ದೀಪವಿದೆ, ರಿಪೇರಿಗೆ ಹೋದವರಿಗೆ ಗುರುತು ಸಿಗಲಿ ಅಂತ. ಅದನ್ನೂ ನಾನು ಇಲ್ಲಿಂದಲೇ ಹೊತ್ತಿಸಬಹುದು, ಆರಿಸಬಹುದು. ಗುಡ್ಡ ಎಲ್ಲೇ ಇರಲಿ, ಚಿಕ್ಕಪ್ಪ ಸಿಗುತ್ತಾನೆ. ಅದೇ ನನ್ನ ಕೆಲಸ, ಅದಕ್ಕೇ ನನಗೆ ಸಂಬಳ.

ಈ ಕೆಲಸ ಅಂದರೆ ನಮ್ಮ ಅತ್ತೆ ಸಿದ್ದಗಂಗಮ್ಮನವರಿಗೆ ಅಷ್ಟಕ್ಕಷ್ಟೆ. ಇರುವ ಗಂಡನ ಹತ್ತಿರ ಮಾತಾಡಲು ಪುರಸೊತ್ತಿಲ್ಲ, ಕಾಣದ ಚಿಕ್ಕಪ್ಪನ ಹತ್ತಿರ ದಿನವೆಲ್ಲ ಮಾತು ಅಂತ ಬೀದಿಯವರ ಮುಂದೆ ಆಡಿಕೊಳ್ಳುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ಹೀಗಾಗಿ ನಮ್ಮಿಬ್ಬರ ನಡುವೆ ಮಾತು ಬಿಡುವುದು, ಮತ್ತೆ ಆಡುವುದು ನಡೆದೇ ಇರುತ್ತಿತ್ತು. ಮಾತು ಬಿಟ್ಟರೂ ಮನೆ ನಡೆಯಬೇಕಲ್ಲ, ಅದಕ್ಕೆ ಸೌಟು ಇತ್ತು. ಪಾತ್ರೆಗೆ ಸೌಟಿನಿಂದ ಒಂದು ಸಲ ಬಡಿದರೆ ಕಾಫಿ ಆಗಿದೆ ಅಂತ. ಎರಡು ಸಲ ಬಡಿದರೆ ಊಟಕ್ಕೆ ಬಾ. ಮೂರು ಸಲ ಬಡಿದರೆ ಸೀಯುತ್ತಿದೆ, ಒಲೆ ಮೇಲಿಂದ ಇಳಿಸು. ಇದನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಜಗಳವಾಡಿ ಆಡಿ ತಾನಾಗಿ ಕುದುರಿಕೊಂಡಿದ್ದು. ನನ್ನ ಗಂಡ ಷಡಕ್ಷರಿಗೆ ನಮ್ಮ ಮಾತಿಗಿಂತ ಸೌಟೇ ಹಿತವಾಗಿತ್ತು ಅಂತ ನನಗೆ ಗುಮಾನಿ.

ಆ ಸಲದ ಜಗಳ ಸಂಡಿಗೆಯದು. ನೆಂಟರು ಊಟಕ್ಕೆ ಕೂತಿದ್ದಾಗ ಯಾರೋ ಸಂಡಿಗೆ ಹೇಗಿದೆ ಅಂದರು. ನಾನು ಬಾಯಿ ತಪ್ಪಿ ಅಲ್ಲ, ಬೇಕಂತಲೇ, ಉಪ್ಪು ಒಂಚೂರು ಮುಂದಾಗಿದೆ ಅಂದೆ. ಅತ್ತೆಯ ಮುಖ ಕೆಂಪಾಯಿತು. ನೆಂಟರು ಹೊಸಿಲು ದಾಟಿದ್ದೇ ತಡ, ಮಾತು ನಿಂತಿತು. ಮಾರನೆಯ ದಿನ ಅವರು ಹೊಸದಾಗಿ ಸಂಡಿಗೆ ಹಿಟ್ಟು ಕಲಸಲು ಕೂತರು. ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ, ನನಗೆ ಕಾಣುವ ಹಾಗೆ ಬೆರಳೆತ್ತಿ ತೋರಿಸಿ ಹಾಕಿದರು. ಆಮೇಲೆ ತಟ್ಟೆಗಳನ್ನು ಸೊಂಟಕ್ಕಿಟ್ಟು, ಮಾವನವರ ಹಳೇ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು, ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಗುಡ್ಡ ಹತ್ತಿದರು. ಕುಡಿಯಲು ಒಂದು ಚೊಂಬು ನೀರು, ಅಷ್ಟೆ.

ಮಧ್ಯಾಹ್ನಕ್ಕೆ ಮುಂಚೆ ಚಿಕ್ಕಪ್ಪ ನನಗೆ ಸುಳಿವು ಕೊಟ್ಟ. ದೊಡ್ಡಪ್ಪ ನಿಂತ ನೆಲ ಸಣ್ಣಗೆ ನಡುಗುತ್ತಿದೆ ಅಂದ. ನಾನು ಗಂಟೆ ಬಾರಿಸಿದೆ. ಸೌದೆಯವರು ಇಳಿದರು, ಮಾರಕ್ಕ ಆಡುಗಳ ಸಮೇತ ಇಳಿದಳು. ಅತ್ತೆ ಇಳಿಯಲಿಲ್ಲ. ನಾನು ಮತ್ತೂ ಬಾರಿಸಿದೆ, ಕೈ ಸೋಲುವಷ್ಟು ಬಾರಿಸಿದೆ. ಗುಡ್ಡ ಮೈ ಮುರಿಯಿತು, ಎದ್ದಿತು, ಹೋಯಿತು.

ಮಾರಕ್ಕನನ್ನು ಕೇಳಿದರೆ, ಮೋಡ ಕವಿದಿದ್ದರಿಂದ ಗಂಗಮ್ಮನವರು ತಟ್ಟೆ ಎತ್ತಿಕೊಂಡು ಯಂತ್ರದ ಮನೆ ಒಳಕ್ಕೆ ಹೋದರು ಅಂದಳು. ಗಂಟೆ ಕೇಳಿಸಲಿಲ್ಲವೇನೇ ಅಂದೆ. ಕೇಳಿಸಿತು, ನಾನೇ ಬನ್ನಿ ಅಂತ ಕರೆದೆ, ಸೊಸೆ ಬಾರಿಸಿದ ಗಂಟೆಗೆಲ್ಲ ನಾನು ಇಳಿದು ಬರಬೇಕೇನು ಅಂದುಬಿಟ್ಟರು ಅಂತ ಮಾರಕ್ಕ ನೆಲ ನೋಡುತ್ತ ಹೇಳಿದಳು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅದೇ ಹೊತ್ತಿಗೆ ಬೀದಿ ನಲ್ಲಿ ಸುಯ್ ಅಂತ ನಿಂತುಹೋಯಿತು. ದೊಡ್ಡಪ್ಪ ಮಲಗಿದ್ದ.

ಓಡಿಹೋಗಿ ಪರದೆ ಮುಂದೆ ಕೂತೆ. ದೊಡ್ಡಪ್ಪನ ಮೈ ಕೆಂಡವಾಗಿ, ತಾನೇ ಆರಿಹೋಗಿದ್ದಾನೆ ಅಂದ ಚಿಕ್ಕಪ್ಪ. ಎದುರಿನಿಂದ ಒಳಗೆ ಹೋಗುವ ಗಾಳಿ ತಣ್ಣಗಿದೆ, ಬೆನ್ನ ಕಡೆ ಮಾತ್ರ ಸುಡುತ್ತಿದೆ. ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯಿತು ನನಗೆ. ದೊಡ್ಡಪ್ಪನ ಬೆನ್ನಿಂದ ಬಿಸಿಗಾಳಿ ಬರುತ್ತದೆ. ಬಿಸಿಲಿಲ್ಲದ ದಿನ ಸಂಡಿಗೆ ಒಣಗಿಸಲು ಅದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿದೆ? ತಟ್ಟೆಗಳನ್ನು ಬೆನ್ನಿಗೆ ಒರಗಿಸಿ, ಬಿಸಿ ಹೊರಗೆ ಹೋಗದಿರಲಿ ಅಂತ ಮೇಲೆ ಪಂಚೆ ಹೊದಿಸಿರುತ್ತಾರೆ, ಪಾಪ, ಅಚ್ಚುಕಟ್ಟಾಗಿ ಸುತ್ತಲೂ ಸಿಕ್ಕಿಸಿ. ಗಾಳಿ ಹೊರಬೀಳಲು ದಾರಿಯಿಲ್ಲದೆ ದೊಡ್ಡಪ್ಪ ಉಸಿರು ಕಟ್ಟಿ ಮಲಗಿದ. ದೊಡ್ಡಪ್ಪ ಮಲಗಿದ್ದಕ್ಕೆ ಬಾಗಿಲು ಬಿಗಿದುಕೊಂಡಿತು. ಕಬ್ಬಿಣದ ಬಾಗಿಲು, ಸರಳು ಹಾಕಿದ ಗೂಡಿನಂಥ ಕಿಟಕಿ, ಒಂದು ಚೊಂಬು ನೀರು. ಗುಡ್ಡ ಸಂಜೆಗೂ ಬರಬಹುದು, ಮುಂದಿನ ತಿಂಗಳೂ ಬರಬಹುದು.

ಷಡಕ್ಷರಿ ಅಂಗಡಿ ಬಾಗಿಲು ಎಳೆದು ಓಡಿಬಂದರು. ಅವರ ಹಿಂದೆ ಅಧ್ಯಕ್ಷ ಬಸಲಿಂಗಪ್ಪನವರು, ಅವರ ಹಿಂದೆ ಅರ್ಧ ಊರು. ಷಡಕ್ಷರಿ ನನ್ನ ಪರದೆಯನ್ನೇ ಎರಡೂ ಕೈಯಿಂದ ಹಿಡಿದು, ಅವ್ವಾ ನೀನು ಎಲ್ಲಿ ಅಂತ ಶುರುಮಾಡಿದ್ದೇ ಬಸಲಿಂಗಪ್ಪನವರು ಹಾರಿ ಅವರ ಬಾಯಿ ಮುಚ್ಚಿದರು. ಅಂಥ ಸ್ಥೂಲಕಾಯದವರು ಹಾಗೆ ಹಾರುತ್ತಾರೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಪ್ಪನನ್ನು ಕೇಳಿದರೆ ಗುಡ್ಡ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಅಂತ ಹೇಳುತ್ತಾನೆ. ಆ ಗುಂಡಿ ನನ್ನ ಪರದೆಯ ಮೂಲೆಯಲ್ಲೇ ಇದೆ. ಒತ್ತಲಾ ಅಂತ ಒಂದು ಕ್ಷಣ ಬೆರಳು ಅತ್ತ ಹೋಗಿದ್ದು ನಿಜ. ಗುಡ್ಡ ಮುನಿಸಿಕೊಂಡು ಬೇಸಿಗೆಯಿಡೀ ಅಲ್ಲೇ ಕೂತುಬಿಟ್ಟರೆ ಅಂತ ಬೆರಳು ಹಿಂದೆ ತಗೊಂಡೆ.

ದೊಡ್ಡಪ್ಪನನ್ನು ಎಬ್ಬಿಸು ಅಂದೆ. ಚಿಕ್ಕಪ್ಪ ಎಬ್ಬಿಸಿದ. ಫ್ಯಾನುಗಳು ಪೂರಾ ಜೋರಿನಲ್ಲಿ ತಿರುಗಿದವು. ಬಾಗಿಲ ಕೆಲಸ ದೊಡ್ಡಪ್ಪ ಪೂರ್ತಿ ಎದ್ದು ಕೂತ ಮೇಲೇ ಶುರುವಾಗುವುದು. ಅವನು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಮೈ ಮತ್ತೆ ಕಾದು, ಮತ್ತೆ ಬಿದ್ದುಕೊಂಡ. ಇನ್ನೊಂದು ಸಲ ಎಬ್ಬಿಸಿದೆ, ಅದೇ ಕಥೆ. ಪಂಚೆ ತೆಗೆಯದೆ ಏನೂ ನಡೆಯುವುದಿಲ್ಲ. ತೆಗೆಯಿರಿ ಅಂತ ಹೇಳುವುದು ಹೇಗೆ? ಆ ಯಂತ್ರಕ್ಕೆ ಬಾಯಿಲ್ಲ, ಅತ್ತೆಗೆ ಫೋನಿಲ್ಲ. ಇದ್ದದ್ದು ನೀಲಿ ದೀಪ ಒಂದೇ. ಅದನ್ನೇ ಹೊತ್ತಿಸಿದೆ, ಆರಿಸಿದೆ, ಮತ್ತೆ ಹೊತ್ತಿಸಿದೆ. ಬೆನ್ನಿನ ಬಿಸಿ ಹಾಗೇ ಇತ್ತು.

ಹೀಗೇ ಎಷ್ಟೋ ಹೊತ್ತಾಯಿತು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಭುಜ ಮುಟ್ಟಿ ಹೋದರು. ಮನೆಯಲ್ಲಿ ಅತ್ತೆ ಒಂದು ಲೋಟ ನೀರು ಹೆಚ್ಚು ತಗೊಂಡರೆ ಹತ್ತು ಮಾತು ಆಡುತ್ತಿದ್ದೆ. ಈಗ ಅವರ ಹತ್ತಿರ ಇದ್ದದ್ದು ಆ ಒಂದು ಚೊಂಬು ಮಾತ್ರ. ಎದುರಿಗೆ ಯಾರೋ ತಂದಿಟ್ಟ ಕಾಫಿ ಆರಿಹೋಗಿತ್ತು. ಏನು ಮಾಡಲೂ ತೋಚದೆ, ಪೆನ್ನಿನಿಂದ ಆ ಸ್ಟೀಲ್ ಲೋಟಕ್ಕೆ ಸುಮ್ಮನೆ ಬಡಿಯುತ್ತ ಕೂತಿದ್ದೆ. ಬಾಗಿಲ ಹತ್ತಿರ ತಲೆ ಮೇಲೆ ಕೈ ಹೊತ್ತು ಕೂತಿದ್ದ ಷಡಕ್ಷರಿ ತಟ್ಟನೆ ತಲೆಯೆತ್ತಿದರು.

"ಏನು ಸೀಯ್ತಿದೆ?" ಅಂದರು.

ನಾನು ಲೋಟ ನೋಡಿದೆ, ಪೆನ್ನು ನೋಡಿದೆ. ನಾನು ಬಡಿದದ್ದು ಮೂರು ಸಲ. ಅಯ್ಯೋ ನನ್ನ ಬುದ್ಧಿಗಿಷ್ಟು ಅಂದುಕೊಂಡು ಪರದೆಗೆ ತಿರುಗಿದೆ. ಸಿಕ್ಕಾಪಟ್ಟೆ ಮಿನುಗಿಸುವುದು ಬಿಟ್ಟು, ದೀಪವನ್ನು ಒಂದು, ಎರಡು, ಮೂರು ಅಂತ ಹೊತ್ತಿಸಿ ನಿಲ್ಲಿಸಿದೆ. ಸೌಟು ಬಡಿಯುವ ಲಯದಲ್ಲೇ, ನಮ್ಮ ಅಡುಗೆಮನೆಯಲ್ಲಿ ಮೂರನೆಯದು ಸ್ವಲ್ಪ ಜೋರಾಗಿ ಬೀಳುತ್ತದಲ್ಲ, ಹಾಗೆ ಮೂರನೆಯದನ್ನು ಸ್ವಲ್ಪ ಹೆಚ್ಚು ಹೊತ್ತು ಉರಿಸಿ. ಮತ್ತೆ ಮೂರು. ಮತ್ತೆ ಮೂರು. ಸೀಯುತ್ತಿದೆ ಅತ್ತೆ, ಇಳಿಸಿ. ಸೀಯುತ್ತಿದೆ, ಇಳಿಸಿ.

ಬೆನ್ನಿನ ಬಿಸಿ ಒಂದು ಕೂದಲೆಳೆ ಇಳಿಯಿತು. ನನ್ನ ಕಣ್ಣೇ ಮೋಸ ಮಾಡುತ್ತಿದೆಯೇನೋ ಅಂದುಕೊಂಡೆ. ಇನ್ನೂ ಇಳಿಯಿತು. ಆಮೇಲೆ ಇಳಿದದ್ದೇ ಇಳಿದದ್ದು, ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ. ನಾನು ದೊಡ್ಡಪ್ಪನನ್ನು ಎಬ್ಬಿಸು ಅಂದೆ. ಅವನು ಎದ್ದ, ಕೆಮ್ಮಿದ, ಕಣ್ಣುಜ್ಜಿದ, ಯಾವತ್ತಿನ ಹಾಗೆ ತನ್ನ ಪಾಡಿಗೆ ತಾನು ಒಂದೊಂದೇ ಕೆಲಸ ಕೈಗೆತ್ತಿಕೊಂಡ. ಹೊರಗೆ ಬೀದಿ ನಲ್ಲಿ ಗೊರ ಗೊರ ಅಂತು. ಕಟ್ಟಕಡೆಗೆ ಪರದೆ ಮೇಲೆ ಬಂತು: ಬಾಗಿಲು ತೆರೆದಿದೆ.

ಊರೇ ಕೇಕೆ ಹಾಕಿತು. ಬಸಲಿಂಗಪ್ಪನವರು ಕಣ್ಣೊರೆಸಿಕೊಂಡು, ಧೂಳು ಬಿತ್ತು ಅಂದರು. ನಾನು ಮಾತ್ರ ಪರದೆ ಬಿಟ್ಟು ಏಳಲಿಲ್ಲ, ಯಾಕೆಂದರೆ ಅಲ್ಲಿ ಇನ್ನೂ ಏನೋ ಬರುತ್ತಿತ್ತು. ಬಾಗಿಲು ಮುಚ್ಚಿದೆ. ಬಾಗಿಲು ತೆರೆದಿದೆ. ಬಾಗಿಲು ಮುಚ್ಚಿದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚಿತು. ಕೆಟ್ಟುಹೋಯಿತಾ ಅಂತ ಷಡಕ್ಷರಿ ಬಗ್ಗಿ ನೋಡಿದರು. ಕೆಟ್ಟಿರಲಿಲ್ಲ. ಎರಡು ಸಲ, ಮತ್ತೆ ಎರಡು ಸಲ. ಊಟಕ್ಕೆ ಹೋಗು ಅನ್ನುತ್ತಿದ್ದರು ಅತ್ತೆ. ಬೆಳಗಿಂದ ನಾನು ಏನೂ ತಿಂದಿರಲಿಲ್ಲ. ಮಾತು ಬಿಟ್ಟ ದಿನ ನಾನು ಹಾಗೇ ಮಾಡುತ್ತೇನೆ ಅಂತ ಅವರಿಗೆ ಗೊತ್ತು. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ಅತ್ತುಬಿಟ್ಟೆ. ಅತ್ತು ಮುಗಿಸಿ, ಮನೆಗೆ ಹೋಗಿ, ತಣ್ಣಗಾದ ಮುದ್ದೆಯನ್ನೇ ಸಾರಿಗೆ ಅದ್ದಿ ಉಂಡೆ.

ಗುಡ್ಡ ಬೇಗನೇ ಬಂತು, ಇನ್ನೊಂದು ಸಂತೆಯೂ ಆಗಿರಲಿಲ್ಲ. ಅಷ್ಟೂ ದಿನ ಬಾಗಿಲು ದಿನಕ್ಕೊಂದು ಸಲ ಎರಡೆರಡು ಬಾರಿ ತೆರೆದು ಮುಚ್ಚುತ್ತಿತ್ತು, ನಾನೂ ನೀಲಿ ದೀಪ ಎರಡು ಸಲ ಹೊತ್ತಿಸಿ ಏಳುತ್ತಿದ್ದೆ. ಹೊಟ್ಟೆಗೆ ಏನು ಮಾಡಿಕೊಂಡರು, ನೀರು ಎಲ್ಲಿಂದ ತಂದರು ಅಂತ ಊರವರೆಲ್ಲ ತಲೆ ಕೆಡಿಸಿಕೊಂಡರು. ಗುಡ್ಡದ ಮೇಲೆ ಸೀತಾಫಲಕ್ಕೂ ನೀರಿನ ಊಟೆಗೂ ಬರವಿಲ್ಲ, ಹೊರಗೆ ಬಂದ ಮೇಲೆ ಅವರಿಗೇನು ಕಷ್ಟ ಅಂತ ಮಾರಕ್ಕ ಸಮಾಧಾನ ಹೇಳಿದಳು. ನಾಯಿಗಳು ಬೊಗಳಿದ ದಿನ ನಾವೆಲ್ಲ ಬಯಲಿನ ಅಂಚಿನಲ್ಲಿ ಸಾಲಾಗಿ ನಿಂತೆವು. ಗುಡ್ಡ ಬಂದು, ಒಂದೆರಡು ಸಲ ಅತ್ತಿತ್ತ ಸರಿದು, ತನ್ನ ಜಾಗದಲ್ಲಿ ಕೂತುಕೊಂಡಿತು. ಅತ್ತೆ ತಟ್ಟೆಗಳನ್ನು ಸೊಂಟಕ್ಕಿಟ್ಟುಕೊಂಡು ಇಳಿದು ಬಂದರು, ಪಕ್ಕದ ಬೀದಿಗೆ ಹೋಗಿ ಬಂದವರ ಹಾಗೆ. ಮುಖ ಬಿಸಿಲಿಗೆ ಕಂದಿತ್ತು. ಮೈ ಕೈ ತುಂಬಿಕೊಂಡ ಹಾಗೂ ಕಂಡಿತು. ಕೇಳುವುದಕ್ಕೆ ಎಲ್ಲರ ಬಾಯಲ್ಲೂ ಪ್ರಶ್ನೆ ಇತ್ತು, ಗುಡ್ಡ ಬೆನ್ನ ಹಿಂದೆಯೇ ಇತ್ತು. ಯಾರೂ ತುಟಿ ಪಿಟಕ್ಕನ್ನಲಿಲ್ಲ.

ಅತ್ತೆ ಮಾತಾಡಿದ್ದು ಒಂದೇ, ಅದೂ ನನ್ನ ಜೊತೆಯಲ್ಲ, ಮಾರಕ್ಕನ ಜೊತೆ. ಇವಳ ಚಿಕ್ಕಪ್ಪ ಒಳ್ಳೆಯವನಲ್ಲ ಕಣೇ, ಕತ್ತಲಲ್ಲಿ ಒಂಟಿ ಹೆಂಗಸು ಅಂತ ನೋಡಿ ನೀಲಿ ಕಣ್ಣು ಹೊಡೆಯುತ್ತಿದ್ದ ಅಂದರು. ಅದಕ್ಕೇ ಅವನ ಕಡೆ ಬೆನ್ನು ಹಾಕಿ, ಸೆರಗು ಹೊದ್ದು ಕೂತುಬಿಟ್ಟಿದ್ದರಂತೆ. ಆಮೇಲೆ ಆ ನೀಲಿ ಎದುರು ಗೋಡೆ ಮೇಲೆ ಮೂರು ಮೂರಾಗಿ ಬೀಳತೊಡಗಿತು. ಮೂರನೆಯದನ್ನು ಎಳೆಯುವ ದುರಭ್ಯಾಸ ನಮ್ಮ ಮನೆಯಲ್ಲಿ ಒಬ್ಬಳಿಗೇ ಇರುವುದು ಅಂತ ತಿರುಗಿ ನೋಡಿದರಂತೆ. ಮಾರಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಕೇಳಿಸದವಳ ಹಾಗೆ ತಟ್ಟೆಗೆ ಕೈ ಹಾಕಿದೆ, ಅವರು ಕೊಟ್ಟರು.

ಮನೆಗೆ ಬಂದು ಅವರು ನೀರು ಹುಯ್ದುಕೊಂಡರು. ಎಣ್ಣೆ ಕಾದ ವಾಸನೆ ಬಂತು. ಆಮೇಲೆ ಅಡುಗೆಮನೆಯಿಂದ ಸೌಟು ಕೇಳಿಸಿತು, ಎರಡು ಸಲ. ನಾನು ಹೋಗಿ ಕೂತೆ. ಅನ್ನ, ಸಾರು, ಪಕ್ಕದಲ್ಲಿ ಆಗತಾನೇ ಕರಿದ ಸಂಡಿಗೆ, ಮಲ್ಲಿಗೆ ಮೊಗ್ಗಿನ ಬಣ್ಣದ್ದು. ಅತ್ತೆ ಬಡಿಸಿ ಅಲ್ಲೇ ನಿಂತರು. ಬೇರೆ ಕಡೆ ನೋಡುತ್ತಿದ್ದರು, ಆದರೆ ನಿಂತಿದ್ದು ನನಗಾಗಿ. ನಾನು ಒಂದು ಸಂಡಿಗೆ ಮುರಿದು ಬಾಯಿಗಿಟ್ಟೆ. ಗರಿಗರಿಯಾಗಿತ್ತು. ಅವರು ಬೆರಳೆತ್ತಿ ಚಿಟಿಕೆ ಚಿಟಿಕೆ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆನಲ್ಲ. ಆದರೂ ಸುಳ್ಳು ಹೇಳುವುದು ಹೇಗೆ?

"ಉಪ್ಪು?" ಅಂದರು ಅತ್ತೆ. ಎಷ್ಟೋ ದಿನದ ಮೇಲೆ ನನಗೆ ಆಡಿದ ಮೊದಲ ಮಾತು.

"ಮುಂದಾಗಿದೆ ಅತ್ತೆ," ಅಂದೆ.

ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಹಜಾರದ ಕಡೆ ಒಮ್ಮೆ ನೋಡಿದರು, ಕಿಟಕಿಯಾಚೆ ಕೂತಿದ್ದ ಗುಡ್ಡದ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಪಕ್ಕಕ್ಕೇ ಕುಕ್ಕರಗಾಲಲ್ಲಿ ಕೂತು, ದನಿ ತಗ್ಗಿಸಿದರು.

"ಅದು ನನ್ನ ಕೈಯಿಂದಲ್ಲ ಕಣೇ ವಿಶಾಲು. ಬಾಗಿಲು ತೆಗೆದ ಮೇಲೆ ಹೊರಗಿಟ್ಟು ಒಣಗಿಸಿದ್ದು. ಅಲ್ಲಿ ಗಾಳೀಲೇ ಉಪ್ಪಿತ್ತು. ಕಣ್ಣು ಹಾಯಿಸಿದಷ್ಟೂ ನೀರು."

ನಮ್ಮೂರಲ್ಲಿ ಅದನ್ನು ಕಂಡವರು ಯಾರೂ ಇಲ್ಲ. ನಾನು ಏನೂ ಕೇಳಲಿಲ್ಲ. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸಂಡಿಗೆ ಹಾಕಿದರು, ನಾನು ಅದನ್ನೂ ತಿಂದೆ.